ಮೇಲಿನ ಎಡ ಮೂಲೆ

ಬಿಸಿನೀರಿನ ನಲ್ಲಿಯನ್ನು ಹತ್ತು ನಿಮಿಷ ಪೂರ್ತಿ ತಿರುಗಿಸಿ ಬಿಟ್ಟು, ಹಬೆಯೆಲ್ಲ ಗೋಡೆಗೆ ಹತ್ತಿ ಗಾಳಿಯಲ್ಲಿದ್ದ ಧೂಳನ್ನು ಜೊತೆಗೆ ಕೆಳಗಿಳಿಸಲಿ ಎಂದು ಕಾದು, ಆಮೇಲೆ ಆ ತೇವ ಆರಲಿ ಎಂದು ಇನ್ನೊಂದು ಗಂಟೆ ಕಾದು, ಅವನು ಕ್ಯಾಮೆರಾವನ್ನು ಎದೆಗೊತ್ತಿಕೊಂಡು ಬಾತ್‌ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಂಡಾಗ ಭಾನುವಾರ ಬೆಳಿಗ್ಗೆ ಹತ್ತೂವರೆ. ಇಡೀ ಮನೆಯಲ್ಲಿ ಬಟ್ಟೆ, ಹಾಸಿಗೆ, ಪರದೆ, ಪೇಪರು ಯಾವುದೂ ಇಲ್ಲದ ಜಾಗ ಇದೊಂದೇ. ಟವೆಲುಗಳನ್ನೂ ಎತ್ತಿ ಹೊರಗೆ ಹಾಕಿದ್ದ. ಹತ್ತಿಯ ನೂಲು ಉದುರುತ್ತದೆಂದು ತನ್ನ ಬನಿಯನ್ನನ್ನೂ ಬಿಚ್ಚಿಟ್ಟಿದ್ದ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ವಾಷಿಂಗ್ ಮೆಷಿನ್ನಿನ ಮುಚ್ಚಳವನ್ನು ಮೂರು ಸಲ ಒರೆಸಿ, ಕ್ಯಾಮೆರಾ, ಗಾಳಿ ಊದುವ ರಬ್ಬರ್ ಬುರುಡೆ, ದ್ರವದ ಪುಟ್ಟ ಸೀಸೆ, ಒಂದೊಂದೇ ಕವರಿನಲ್ಲಿ ಮುಚ್ಚಿಟ್ಟ ಒರೆಸುವ ಕಡ್ಡಿಗಳು, ಎಲ್ಲವನ್ನೂ ಅದರ ಮೇಲೆ ಸಾಲಾಗಿ ಇಟ್ಟ. ಇಟ್ಟ ಮೇಲೆ ಏನೂ ಮಾಡದೆ ಅವುಗಳನ್ನೇ ನೋಡುತ್ತ ಕುಳಿತ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಆಸ್ಪತ್ರೆಯ ಕ್ಯಾಮೆರಾವನ್ನು ಮನೆಗೆ ತರಬಾರದೆಂದು ನಿಯಮವಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ; ಹದಿನೇಳು ವರ್ಷದಲ್ಲಿ ಕೇಳುವ ಪ್ರಸಂಗ ಬಂದಿರಲಿಲ್ಲ. ಶುಕ್ರವಾರ ಸಂಜೆ ಅದನ್ನು ಊಟದ ಡಬ್ಬಿಯ ಚೀಲದೊಳಗೆ ಇಳಿಸಿ, ಬಸ್ಸಿನಲ್ಲಿ ಉದ್ದಕ್ಕೂ ಆ ಚೀಲದ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಚೀಲವನ್ನೂ ಅವನ ಮುಖವನ್ನೂ ನೋಡಿ, "ಏನಪ್ಪಾ, ಒಳಗೆ ಬೆಕ್ಕಿನಮರಿ ಇದೆಯಾ?" ಎಂದಿದ್ದರು.

"ಒಳಗೇನು ಹೆರಿಗೆ ಆಗ್ತಿದೆಯೇನ್ರೀ ಅಳಿಯಂದ್ರೇ?" ಅತ್ತೆ ಹೊರಗಿನಿಂದ ಬಾಗಿಲು ತಟ್ಟಿದರು.

"ಹತ್ತೇ ನಿಮಿಷ ಅತ್ತೆ."

"ನಿಮ್ಮ ಹತ್ತು ನಿಮಿಷ ಒಂಬತ್ತು ಗಂಟೆಯಿಂದ ನಡೀತಿದೆ. ಆಗ ನೀರು ಬಿಟ್ಟಿದೀನಿ ಅಂದ್ರಿ, ಆಮೇಲೆ ನೀರು ಆರ್ತಾ ಇದೆ ಅಂದ್ರಿ. ಆರಿಸೋ ಹಾಗಿದ್ರೆ ಬಿಟ್ಟಿದ್ದು ಯಾಕೆ? ನಮ್ಮ ಕಾಲದಲ್ಲಿ ಬಾತ್‌ರೂಮಲ್ಲಿ ಜನ ಸ್ನಾನ ಮಾಡ್ತಿದ್ರು."

"ಧೂಳು ಅತ್ತೆ. ಕ್ಯಾಮೆರಾ ಒಳಗಡೆ."

"ಫ್ಯಾನ್ ಹಾಕಬಾರದು, ಕಿಟಕಿ ತೆಗೀಬಾರದು, ಈಗ ಇದೊಂದು. ಆ ಧೂಳಿಗಿರೋ ಮರ್ಯಾದೆ ಈ ಮನೇಲಿ ನನಗಿಲ್ಲ, ಬಿಡಿ."

ಅತ್ತೆಯ ಚಪ್ಪಲಿಯ ಸದ್ದು ಎಳೆದುಕೊಂಡು ನಡುಮನೆಯ ಕಡೆ ಹೋಯಿತು. ಇಪ್ಪತ್ತೆಂಟು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಬಂದವರು. ಸುಮ್ಮನಿದ್ದಾರೆಂದರೆ ಒಂದೋ ನಿದ್ದೆ, ಇಲ್ಲ ಸಿಟ್ಟು. ಹೆಂಡತಿ ಬೆಳಿಗ್ಗೆ ಆರಕ್ಕೇ ಹೊರಟುಹೋಗಿದ್ದಳು. ಅವಳು ಡ್ರೈವಿಂಗ್ ಕಲಿಸುವವಳು, ಭಾನುವಾರವೇ ಅವಳಿಗೆ ಕೆಲಸ ಜಾಸ್ತಿ. ಹೋಗುವ ಮುಂಚೆ, ಊಟದ ಮೇಜಿನ ಮೇಲೆ ಇದ್ದ ಕ್ಯಾಮೆರಾವನ್ನು ನೋಡಿ, "ಇದ್ಯಾಕೆ ಮನೆಗೆ ಬಂತು?" ಎಂದಿದ್ದಳು. "ಕ್ಲೀನ್ ಮಾಡೋಕೆ," ಎಂದಿದ್ದ. "ಅಲ್ಲಿ ಮಾಡೋರಿಲ್ವಾ?" ಎಂದವಳು ಉತ್ತರಕ್ಕೆ ಕಾಯದೆ ಕೀ ಹುಡುಕಿಕೊಂಡು ಹೋದಳು. ಕಾದಿದ್ದರೆ ಹೇಳುತ್ತಿದ್ದೆನೇ ಎಂದು ಈಗ ಬಕೆಟ್ಟಿನ ಮೇಲೆ ಕುಳಿತು ತನ್ನನ್ನೇ ಕೇಳಿಕೊಂಡ. ಹೇಳುತ್ತಿರಲಿಲ್ಲ.

ಬ್ಯಾಟರಿ ತುಂಬಿದೆಯೇ ಎಂದು ಎರಡನೆಯ ಸಲ ನೋಡಿದ. ಒರೆಸುವಾಗ ಬ್ಯಾಟರಿ ಸತ್ತರೆ, ಕ್ಯಾಮೆರಾದೊಳಗೆ ಮೇಲೆ ಎದ್ದು ನಿಂತ ಕನ್ನಡಿ ಧಡಕ್ಕೆಂದು ಕಡ್ಡಿಯ ಮೇಲೇ ಬೀಳುತ್ತದೆ. ಒರೆಸುವ ಮುಂಚೆ ಧೂಳು ಎಲ್ಲಿದೆ ಎಂದು ನೋಡಬೇಕು. ಲೆನ್ಸಿನ ಕಿಂಡಿಯನ್ನು ಸೂಜಿಯ ಕಣ್ಣಿನಷ್ಟು ಚಿಕ್ಕದು ಮಾಡಿ, ಎದುರಿನ ಬಿಳಿ ಟೈಲ್ಸ್ ಗೋಡೆಗೆ ಹಿಡಿದು, ಬೇಕೆಂದೇ ಫೋಕಸ್ ಕೆಡಿಸಿ ಒಂದು ಚಿತ್ರ ತೆಗೆದ. ಪರದೆಯ ತುಂಬ ಬರೀ ಬಿಳುಪು. ಮೇಲಿನ ಎಡ ಮೂಲೆಯಲ್ಲಿ, ಅಂಚಿನಿಂದ ಒಂದಿಷ್ಟು ಒಳಕ್ಕೆ, ಅದು ಇತ್ತು. ಬೂದು ಬಣ್ಣ, ಅಂಚು ಕರಗಿದ ಹಾಗೆ, ಯಾರೋ ಒದ್ದೆ ಬೆರಳು ಒತ್ತಿ ಹೋದ ಹಾಗೆ. ಹದಿನಾಲ್ಕು ತಿಂಗಳಿಂದ ಅಲ್ಲೇ ಕುಳಿತಿದೆ. ಚರ್ಮದ ವಿಭಾಗದ ಫೋಟೋ ಕೋಣೆಯ ಪಕ್ಕದ ಗೋಡೆ ಒಡೆದು ಹೊಸ ಬಾಗಿಲು ಇಟ್ಟ ವಾರದಲ್ಲಿ ಬಂದದ್ದು. ಅವನೇ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದ, ಅವನೇ ಆತುರದಲ್ಲಿ ಕ್ಯಾಮೆರಾದ ಬಾಯಿ ಮೇಲಕ್ಕೆ ಮಾಡಿ ಲೆನ್ಸ್ ಬದಲಿಸಿದ್ದ. ಬಾಯಿ ಕೆಳಕ್ಕೆ ಮಾಡಬೇಕೆಂದು ಅವನಿಗೆ ಗೊತ್ತಿಲ್ಲದ್ದಲ್ಲ. ಕೆಲಸ ಕಲಿಸಿದ ಸ್ಟುಡಿಯೋದ ಯಜಮಾನರು, ಅವನು ಒಮ್ಮೆ ಕ್ಯಾಮೆರಾದ ಕನ್ನಡಿಗೆ ಬಾಯಿಂದ ಉಫ್ ಎಂದು ಊದಿ ಉಗುಳು ಸಿಡಿಸಿದಾಗ, ಕೈ ಎತ್ತದೆ, ದನಿ ಏರಿಸದೆ, "ನಿನ್ನ ಕಣ್ಣಿಗೂ ಹೀಗೇ ಊದ್ಕೋತೀಯೇನಯ್ಯಾ?" ಎಂದಿದ್ದರು. ಗಿರಾಕಿಗಳ ಮುಂದೆ ತಲೆ ತಗ್ಗಿಸಿ ನಿಂತವನ ಕಿವಿ ನಾಚಿಕೆಗೆ ಉರಿದಿತ್ತು. ಆ ಉರಿ ಇಪ್ಪತ್ತೈದು ವರ್ಷವಾದರೂ ಕಿವಿಯ ಹಿಂದೆ ಎಲ್ಲೋ ಉಳಿದಿದೆ, ಜ್ವರ ಬಿಟ್ಟ ಮೇಲೂ ಉಳಿಯುವ ಬಿಸಿಯ ಹಾಗೆ.

ಅದೇ ಉರಿ ಹದಿನಾಲ್ಕು ತಿಂಗಳ ಹಿಂದೆ ಮತ್ತೆ ಎದ್ದಿತ್ತು. ಚರ್ಮದ ಡಾಕ್ಟರು, ಹಿರಿಯ ಹೆಂಗಸು, ಒಳ್ಳೆಯವರೇ, ಕಲಿಯಲು ಬಂದ ಏಳೆಂಟು ಎಳೆಯ ಡಾಕ್ಟರುಗಳನ್ನು ಸುತ್ತ ನಿಲ್ಲಿಸಿಕೊಂಡು ದೊಡ್ಡ ಪರದೆಯ ಮೇಲೆ ಒಂದಾದ ಮೇಲೊಂದು ಬೆನ್ನು ತೋರಿಸುತ್ತಿದ್ದರು. ಮೂರನೆಯ ಬೆನ್ನಿಗೆ ನಿಂತು, ಹಿಂದಿನದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು, "ಅಲ್ರೀ ಫೋಟೋದವರೇ, ನಮ್ಮ ಊರಲ್ಲಿ ಎಲ್ಲರ ಬೆನ್ನಿಗೂ ಒಂದೇ ಜಾಗದಲ್ಲಿ ಮಚ್ಚೆ ಇದೆಯಲ್ಲ, ಸರ್ಕಾರ ಏನಾದ್ರೂ ಮುದ್ರೆ ಹಾಕ್ತಿದೆಯಾ?" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ನಗದೆ ಬೇರೆ ಏನು ಮಾಡುವುದು? ಕ್ಯಾಮೆರಾವನ್ನು ರಿಪೇರಿಯವರಿಗೆ ಕಳಿಸಿದರೆ ಮೂರು ವಾರ. ಇನ್ನೊಂದು ಕ್ಯಾಮೆರಾ ಇಲ್ಲ. ತಾನೇ ಒರೆಸಲು ಕೈ ನಡುಗುತ್ತದೆ, ಗೀರು ಬಿದ್ದರೆ ಚಿತ್ರ ಹಿಡಿಯುವ ಸೆನ್ಸರೇ ಹೋಯಿತು. ಆ ಸಂಜೆ ಎಲ್ಲರೂ ಹೋದ ಮೇಲೆ ಅವನು ಕಂಪ್ಯೂಟರಿನಲ್ಲಿ ಒಂದು ಸಣ್ಣ ಏರ್ಪಾಡು ಮಾಡಿದ. ಕಾರ್ಡಿನಿಂದ ಚಿತ್ರ ಒಳಗೆ ಬರುವಾಗಲೇ ಮೇಲಿನ ಎಡ ಮೂಲೆಯ ಆ ಚುಕ್ಕೆಯ ಜಾಗದಲ್ಲಿ ಪಕ್ಕದ ಚರ್ಮವನ್ನು ತಂದು ತೇಪೆ ಹಾಕಿಬಿಡುವುದು. ಒಂದೊಂದನ್ನೂ ಕೂತು ತಿದ್ದಬೇಕಾಗಿಲ್ಲ. ತಾನಾಗಿಯೇ ಆಗುತ್ತದೆ. ತಿದ್ದಿದ್ದು ಮೂಲ ಚಿತ್ರದ ಮೇಲೇ ಸೇವ್ ಆಗುತ್ತದೆ, ಮೂಲ ಉಳಿಯುವುದಿಲ್ಲ. ಒಂದು ವಾರದ ಮಟ್ಟಿಗೆ ಎಂದುಕೊಂಡಿದ್ದ. ಅದು ಅವನಿಗೆ ಚೆನ್ನಾಗಿ ನೆನಪಿದೆ, ಒಂದು ವಾರ ಎಂದು ಬಾಯಿಬಿಟ್ಟು ಹೇಳಿಕೊಂಡಿದ್ದ, ಖಾಲಿ ಕೋಣೆಗೆ. ಮಾರನೆಯ ದಿನ ಡಾಕ್ಟರು, "ಈಗ ನೋಡಿ, ಎಷ್ಟು ಚೊಕ್ಕ!" ಎಂದರು. ಅಲ್ಲಿಗೆ ಅವನು ಮರೆತುಬಿಟ್ಟ. ಮರೆಯುವುದೆಂದರೆ ಹೀಗೇ ಇರಬೇಕು; ಬಾಗಿಲು ಹಾಕಿದ್ದು ನೆನಪಿರುವುದಿಲ್ಲ, ಹಾಕಿದ ಬಾಗಿಲಿನ ಮುಂದೆ ದಿನಾ ಓಡಾಡುತ್ತಿರುತ್ತೇವೆ.

ಇನ್ನೊಬ್ಬರಿಗೆ ಹೇಳಿದರೆ ಇದೇನು ಮಹಾ ಎನ್ನಬಹುದು. ಮದುವೆಮನೆಯ ಚಿತ್ರ ತೆಗೆಯುವವರು ದಿನಕ್ಕೆ ನೂರು ಮಚ್ಚೆ ಅಳಿಸುತ್ತಾರೆ, ಗಲ್ಲ ತಿದ್ದುತ್ತಾರೆ, ಕಣ್ಣ ಕೆಳಗಿನ ಕಪ್ಪು ತೆಗೆಯುತ್ತಾರೆ. ಜನ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಚರ್ಮದ ವಿಭಾಗದಲ್ಲಿ ಹಾಗಲ್ಲ. ಅಲ್ಲಿ ಮಚ್ಚೆಯೇ ಕೆಲಸ. ಮೈತುಂಬ ಮಚ್ಚೆ ಇರುವವರು ವರ್ಷಕ್ಕೊಮ್ಮೆ ಬಂದು, ನೆಲದ ಮೇಲೆ ಅಂಟಿಸಿದ ಗುರುತಿನ ಮೇಲೆ ಹೆಜ್ಜೆ ಇಟ್ಟು, ಬೆನ್ನು ತೋರಿಸಿ ನಿಲ್ಲುತ್ತಾರೆ. ಅವನು ಅದೇ ದೂರ, ಅದೇ ಬೆಳಕು, ಅದೇ ಎತ್ತರದಿಂದ ತೆಗೆಯುತ್ತಾನೆ. ಡಾಕ್ಟರು ಹೋದ ವರ್ಷದ ಬೆನ್ನನ್ನು ಈ ವರ್ಷದ ಬೆನ್ನಿನ ಪಕ್ಕದಲ್ಲಿಟ್ಟು, ಯಾವುದು ಬೆಳೆದಿದೆ, ಯಾವುದು ಬಣ್ಣ ತಿರುಗಿದೆ, ಯಾವುದು ಹೊಸದು ಎಂದು ನೋಡುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನ ಅವನಿಗೆ ಹೇಳಿದ್ದು ಒಂದೇ ಮಾತು. ಬೆಳಕು ಕೆಟ್ಟರೆ ಮತ್ತೆ ತೆಗೀರಿ, ಆದರೆ ತೆಗೆದ ಮೇಲೆ ಒಂದು ಚುಕ್ಕೆಯನ್ನೂ ಮುಟ್ಟಬೇಡಿ.

ಲೆನ್ಸು ಬಿಚ್ಚಿದ. ಮೆನುವಿನಲ್ಲಿ ಹುಡುಕಿ ಒತ್ತಿದಾಗ ಕನ್ನಡಿ ಟಕ್ ಎಂದು ಮೇಲೆದ್ದು, ಹಿಂದೆ ಸೆನ್ಸರು ಕಂಡಿತು. ಅಂಚೆಚೀಟಿಯಷ್ಟು ಅಗಲದ, ಹಸಿರೋ ನೇರಳೆಯೋ ಹೇಳಲಾಗದ ಹೊಳಪಿನ ಗಾಜು. ಕ್ಯಾಮೆರಾದ ಬಾಯಿ ಕೆಳಕ್ಕೆ ಮಾಡಿ, ಮೂತಿ ತಾಗದ ಹಾಗೆ ಹಿಡಿದು, ಬುರುಡೆ ಒತ್ತಿದ. ಫುಸ್. ಫುಸ್. ಫುಸ್. ಮತ್ತೆ ಲೆನ್ಸು ಹಾಕಿ, ಮತ್ತೆ ಗೋಡೆಯ ಚಿತ್ರ. ಅದು ಅಲ್ಲೇ ಇತ್ತು. ಗಾಳಿಗೆ ಹೋಗುವ ಜಾತಿಯದಲ್ಲ. ಅಂಟಿಕೊಂಡದ್ದು.

ಶುಕ್ರವಾರ ಮಧ್ಯಾಹ್ನ ಡಾಕ್ಟರು ಅವನನ್ನು ಕರೆಸಿಕೊಂಡದ್ದು ಹೊಗಳಲಿಕ್ಕೆ. ಅದೇ ದೊಡ್ಡ ಪರದೆ, ಬೇರೆ ಎಳೆಯ ಡಾಕ್ಟರುಗಳು. "ಬನ್ನಿ ಫೋಟೋದವರೇ, ನಿಮ್ಮ ಕೆಲಸ ನೀವೇ ನೋಡಿ. ಅರವತ್ಮೂರು ಮಚ್ಚೆ ಇರೋ ಬೆನ್ನಲ್ಲಿ ಅರವತ್ನಾಲ್ಕನೇದು ಯಾರ ಕಣ್ಣಿಗೆ ಬೀಳುತ್ತೆ? ಹೋದ್ವರ್ಷ ಇಲ್ಲ, ಈ ವರ್ಷ ಇದೆ. ಆಕಾರ ನೋಡಿದ್ರೆ ಪರವಾಗಿಲ್ಲ ಅನ್ಸುತ್ತೆ, ಆದ್ರೆ ಈ ವಯಸ್ಸಿಗೆ ಹೊಸದು ಅಂದ್ರೆ ನಾನು ಬಿಡಲ್ಲ. ಸೋಮವಾರ ತೆಗೆದು ಕಳಿಸೋಣ." ಆಮೇಲೆ ಎಳೆಯರ ಕಡೆ ತಿರುಗಿ, "ಇವರು ಹದಿನೇಳು ವರ್ಷದಿಂದ ಇದೊಂದೇ ಕೆಲಸ ಮಾಡ್ತಿದಾರೆ. ನಾವು ಮರೀತೀವಿ, ಇವರು ಮರೆಯಲ್ಲ," ಎಂದರು. ಅವನು ಕೈಕಟ್ಟಿಕೊಂಡು ನಿಂತು ಎಡಗಡೆಯ ಬೆನ್ನನ್ನು, ಹೋದ ವರ್ಷದ್ದನ್ನು, ನೋಡಿದ. ಎಡ ಹೆಗಲಿನ ಮೂಳೆಯ ಹತ್ತಿರ ಚರ್ಮ ನಯವಾಗಿ, ಖಾಲಿಯಾಗಿ ಇತ್ತು. ಆ ಖಾಲಿ ಜಾಗದಲ್ಲಿ ಎರಡು ಸಣ್ಣ ಕೂದಲು, ಒಂದು ಇಂಗ್ಲಿಷ್ ವಿ ಅಕ್ಷರದ ಹಾಗೆ. ಅದರ ಬಲಕ್ಕೆ ಎರಡು ಬೆರಳು ದಾಟಿದರೆ ಮತ್ತೆ ಅದೇ ಎರಡು ಕೂದಲು, ಅದೇ ಓರೆ, ಅದೇ ಉದ್ದ. ಯಾರ ಬೆನ್ನಲ್ಲೂ ಹಾಗೆ ಬೆಳೆಯುವುದಿಲ್ಲ; ಅದು ಪಕ್ಕದಿಂದ ತಂದು ಹಾಕಿದ ತೇಪೆ. ಈ ವರ್ಷ ನೆಲದ ಗುರುತಿನ ಟೇಪು ಸವೆದು ಹೊಸದು ಅಂಟಿಸಿದ್ದರು, ಒಂದೆರಡು ಅಂಗುಲ ಆಚೆ ಈಚೆ ಆಗಿತ್ತು. ಬೆನ್ನು ಅಷ್ಟು ಸರಿದಿತ್ತು. ಈ ಸಲ ತೇಪೆ ಬೇರೆಲ್ಲೋ ಬಿದ್ದು, ಆ ಮಚ್ಚೆ ಅದರ ಹೊರಗೆ ಉಳಿದಿತ್ತು. ಅಷ್ಟೇ. "ಥ್ಯಾಂಕ್ಸ್ ಮೇಡಂ," ಎಂದ. ಎಂದದ್ದು ತನ್ನ ಕಿವಿಗೇ ಕೇಳಿಸಿತು.

ಆ ತೇಪೆಯ ಕೆಳಗೆ ಮಚ್ಚೆ ಇತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವ ಹಾಗಿಲ್ಲ. ಆ ಬೆನ್ನಿನ ಮೊದಲ ಚಿತ್ರವೇ ಹೋದ ವರ್ಷದ್ದು. ಹಳೆಯ ಕಾರ್ಡಿನ ಮೇಲೆ ಹತ್ತು ಸಲ ಹೊಸ ಚಿತ್ರ ಬಿದ್ದಿದೆ.

ಅದೇ ಮಧ್ಯಾಹ್ನ ಆ ಬೆನ್ನಿನ ಹೆಂಗಸು ಮಚ್ಚೆಯ ಹತ್ತಿರದ ಚಿತ್ರಕ್ಕೆಂದು ಅವನ ಕೋಣೆಗೆ ಬಂದಳು. ಅಂಚೆ ಕಚೇರಿಯಲ್ಲಿ ಪಾರ್ಸಲ್ ತೂಗುವವಳು. ವಿಭಾಗದಲ್ಲೆಲ್ಲ ಅವಳಿಗೆ ಪಾರ್ಸಲ್ ಅಕ್ಕ ಎಂದೇ ಹೆಸರು. ಬಂದಾಗಲೆಲ್ಲ ಕಂಡದ್ದನ್ನು ಕಣ್ಣಲ್ಲೇ ತೂಗುತ್ತಾಳೆ. ಆ ಕ್ಯಾಮೆರಾ ಒಂದು ಕಿಲೋ ನಾನೂರು ಗ್ರಾಂ, ಆ ನರ್ಸಮ್ಮ ಹೋದ ಸಲಕ್ಕಿಂತ ಮೂರು ಕಿಲೋ ಕಡಿಮೆ. ಸ್ಟೂಲಿನ ಮೇಲೆ ಬೆನ್ನು ಮಾಡಿ ಕುಳಿತು, ಗೌನಿನ ದಾರ ಬಿಚ್ಚುತ್ತ, "ಏನ್ರೀ, ನನ್ನ ಬೆನ್ನಿಗೆ ಹೊಸ ಬಾಡಿಗೆದಾರ ಬಂದಿದಾನಂತೆ?" ಎಂದಳು.

"ಹ್ಞೂಂ, ಡಾಕ್ಟರು ಹೇಳಿದ್ರು."

"ಫೋಟೋ ನನಗೂ ತೋರಿಸಿದ್ರು. ಐವತ್ತೆರಡು ವರ್ಷ ನನ್ನ ಜೊತೆಗೇ ಇದೆ ಈ ಬೆನ್ನು, ಒಂದು ದಿನ ಮುಖ ತೋರಿಸಿಲ್ಲ ನೋಡಿ. ನನಗಿಂತ ನಿಮಗೇ ಚೆನ್ನಾಗಿ ಪರಿಚಯ."

ಅವನು ಬೆಳಕು ಸರಿಮಾಡುತ್ತಿದ್ದ. ಅವಳು ಗೌನಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, ಬೇರೆ ಯಾರದೋ ದನಿಯಲ್ಲಿ, "ಕೆಟ್ಟದ್ದಾ ಅದು?" ಎಂದಳು. "ಡಾಕ್ಟರನ್ನ ಕೇಳಿದ್ರೆ ತೆಗೆದು ನೋಡೋಣ ಅಂತಾರೆ. ನೀವು ಎಷ್ಟೋ ನೋಡಿರ್ತೀರಿ. ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ, ಅದನ್ನ ಹೇಳಿ ಸಾಕು."

ಆಗ ಹೇಳಬಹುದಿತ್ತು. ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ. ಅವಳ ಮುಖವೂ ಅವನಿಗೆ ಕಾಣುತ್ತಿರಲಿಲ್ಲ, ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಅದಕ್ಕಿಂತ ಸಲೀಸಾದ ಜಾಗ ಎಲ್ಲಿ ಸಿಕ್ಕೀತು? "ಸ್ವಲ್ಪ ಎಡಕ್ಕೆ ತಿರುಗಿ," ಎಂದ. ತಿರುಗಿದಳು. "ಉಸಿರು ಹಿಡ್ಕೊಳ್ಳಿ." ಹಿಡಿದುಕೊಂಡಳು.

ಒರೆಸುವ ಕಡ್ಡಿಯ ಕವರು ಹರಿದ. ಕಡ್ಡಿಯ ತುದಿ ಸೆನ್ಸರಿನಷ್ಟೇ ಅಗಲ. ಅದರ ಅಂಚಿಗೆ ಎರಡೇ ತೊಟ್ಟು ದ್ರವ. ಹೆಚ್ಚಾದರೆ ಕಲೆ ನಿಲ್ಲುತ್ತದೆ, ಕಡಿಮೆಯಾದರೆ ಗೀರು. ಒಂದು ಸಣ್ಣ ಗಾಯ, ಮೂರು ಹೊಲಿಗೆ, ಅಷ್ಟೇ ಅಲ್ಲವೇ ಎಂದು ಕಡ್ಡಿಯನ್ನು ಹಿಡಿದುಕೊಂಡು ಯೋಚಿಸಿದ. ಬೆನ್ನಿನ ಮೇಲೆ. ಅವಳಿಗೇ ಕಾಣದ ಜಾಗದಲ್ಲಿ. ಪರೀಕ್ಷೆಗೆ ಕಳಿಸಿ ಏನೂ ಇಲ್ಲ ಎಂದರೆ ಅವಳಿಗೂ ನಿರಾಳ, ಡಾಕ್ಟರಿಗೂ ನಿರಾಳ. ಯಾರಿಗೆ ಏನು ನಷ್ಟ? ನಿನ್ನೆಯಿಂದ ಇದನ್ನೇ ಹೇಳಿಕೊಂಡು ಹೇಳಿಕೊಂಡು, ಸ್ನಾನದ ಸೋಪಿನ ಹಾಗೆ ಆ ಮಾತಿನ ಮೂಲೆಗಳೆಲ್ಲ ಸವೆದುಹೋಗಿದ್ದವು. ಆದರೆ ಅದು ಒಂದು ಬೆನ್ನು. ಹದಿನಾಲ್ಕು ತಿಂಗಳಲ್ಲಿ ನಾನೂರಕ್ಕೂ ಮೇಲೆ ಜನ ಆ ಗುರುತಿನ ಮೇಲೆ ನಿಂತು ಹೋಗಿದ್ದಾರೆ. ಒಬ್ಬೊಬ್ಬರ ಚಿತ್ರದಲ್ಲೂ ಮೇಲಿನ ಎಡ ಮೂಲೆಯಲ್ಲಿ ಒಂದು ನಾಣ್ಯದಗಲ ಅವನದೇ ಕೈಕೆಲಸ. ಅದರ ಕೆಳಗೆ ಯಾರದೋ ಒಂದು ಬೆಳೆಯುತ್ತಿದ್ದರೆ? ಡಾಕ್ಟರು ಅದೇ ಜಾಗ ನೋಡಿ, ಚೊಕ್ಕವಾಗಿದೆ ಹೋಗಿ ಬನ್ನಿ, ಎಂದಿದ್ದರೆ? ಈ ಯೋಚನೆ ಬಂದಾಗಲೆಲ್ಲ ಅವನಿಗೆ ನಿದ್ದೆ ಬರುವ ಹಾಗಾಗುತ್ತಿತ್ತು. ಹೆದರಿಕೆಯಲ್ಲ, ಬರೀ ಆಯಾಸ. ನಾನೂರು ಜನರನ್ನು ಹೊತ್ತು ಮೆಟ್ಟಿಲು ಹತ್ತಬೇಕೆಂದು ಯಾರೋ ಹೇಳಿದ ಹಾಗೆ.

ಇನ್ನೊಂದು ವಿಷಯವೂ ಅವನಿಗೆ ಗೊತ್ತಿತ್ತು. ಅದನ್ನು ಮಾತ್ರ ಮನಸ್ಸಿನಲ್ಲಿ ಪೂರ್ತಿ ವಾಕ್ಯ ಮಾಡಿ ಹೇಳಿಕೊಂಡಿರಲಿಲ್ಲ. ಧೂಳು ಇರುವ ತನಕ ಸಾಕ್ಷಿ ಇದೆ. ಯಾರಾದರೂ ಈ ಕ್ಯಾಮೆರಾದಿಂದ ಒಂದು ಬಿಳಿ ಗೋಡೆಯ ಚಿತ್ರ ತೆಗೆದರೆ ಸಾಕು. ಒರೆಸಿಬಿಟ್ಟರೆ, ಕಂಪ್ಯೂಟರಿನ ಆ ಏರ್ಪಾಡನ್ನೂ ನಾಳೆ ತೆಗೆದುಹಾಕಿದರೆ, ಏನೂ ಇರಲೇ ಇಲ್ಲ.

ಲೆನ್ಸು ಎಲ್ಲವನ್ನೂ ತಲೆಕೆಳಗಾಗಿ ಬೀಳಿಸುತ್ತದೆ; ಚಿತ್ರದಲ್ಲಿ ಮೇಲಿನ ಎಡ ಮೂಲೆ ಎಂದರೆ ಗಾಜಿನ ಮೇಲೆ ಕೆಳಗಿನ ಎಡ ಮೂಲೆ. ಕಡ್ಡಿಯನ್ನು ಒಂದು ಅಂಚಿಗೆ ಇಳಿಸಿ, ಒತ್ತಿದ್ದೂ ಅಲ್ಲ ಬಿಟ್ಟದ್ದೂ ಅಲ್ಲ ಎನ್ನುವ ಹಾಗೆ, ಉಸಿರು ಹಿಡಿದು, ಆ ತುದಿಯಿಂದ ಈ ತುದಿಗೆ ಒಂದೇ ಎಳೆತ ಎಳೆದ. ತಿರುಗಿಸಿ ಇನ್ನೊಂದು ಮಗ್ಗುಲಿನಿಂದ ವಾಪಸು. ಕೈ ನಡುಗಲಿಲ್ಲ. ಅದೇ ಅವನಿಗೆ ಆಶ್ಚರ್ಯ. ಹದಿನಾಲ್ಕು ತಿಂಗಳು ಕೈ ನಡುಗುತ್ತದೆಂದು ಮುಂದೂಡಿದ ಕೆಲಸ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಲೆನ್ಸು ಹಾಕಿ ಗೋಡೆಗೆ ಹಿಡಿದು ತೆಗೆದ. ಬಿಳುಪು. ಮೂಲೆಯಿಂದ ಮೂಲೆಗೆ ಹಿಗ್ಗಿಸಿ ನೋಡಿದ. ಏನೂ ಇಲ್ಲ, ಒಂದು ಎಳೆಯೂ ಇಲ್ಲ. ಮೊದಲು ತೆಗೆದ ಗೋಡೆಯ ಎರಡು ಚಿತ್ರಗಳನ್ನು ಅಳಿಸಿದ. ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಹೌದು ಎಂದು ಒತ್ತಿದ. ಆಮೇಲೆ ಆ ಬಿಳುಪನ್ನು ನೋಡುತ್ತ ಎಷ್ಟು ಹೊತ್ತು ಕುಳಿತನೋ. ಸಂತೋಷವಾಗಬೇಕಿತ್ತು. ಯಾರೋ ತನ್ನನ್ನು ಒಂದು ಮನೆಯೊಳಗೆ ಬಿಟ್ಟು ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದ ಹಾಗೆ ಅನ್ನಿಸಿತು.

"ರೀ, ಬದುಕಿದೀರಾ?" ಹೆಂಡತಿಯ ದನಿ. "ಅಮ್ಮ ಎದುರುಮನೆಗೆ ಹೋಗಿದಾಳೆ, ಅವರ ಬಾತ್‌ರೂಮಿಗೆ. ಅಳಿಯ ನಮ್ಮದರಲ್ಲಿ ಕೂತು ಕ್ಯಾಮೆರಾಗೆ ಸ್ನಾನ ಮಾಡಿಸ್ತಿದಾನೆ ಅಂತ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳ್ಕೊಂಡು ಹೋದ್ಲು."

ಅವನು ಚಿಲಕ ತೆಗೆದ. ಬರಿ ಮೈಯಲ್ಲಿ, ಕೈಯಲ್ಲಿ ಕ್ಯಾಮೆರಾ ಹಿಡಿದು, ಬಕೆಟ್ಟಿನ ಅಚ್ಚು ಮೂಡಿದ ಕಾಲಿನಲ್ಲಿ ಕುಂಟುತ್ತ ಹೊರಗೆ ಬಂದವನನ್ನು ಅವಳು ಮೇಲಿನಿಂದ ಕೆಳಗೆ ನೋಡಿದಳು. ನಗಲು ಬಾಯಿ ತೆರೆದವಳು ನಗಲಿಲ್ಲ.

"ಏನಾಯ್ತು?"

"ಕ್ಲೀನ್ ಆಯ್ತು."

"ಅದಲ್ಲ ನಾನು ಕೇಳಿದ್ದು."

ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಹೇಳಿದ. ಮೊದಲಿನಿಂದ ಹೇಳಲಿಲ್ಲ, ಕೊನೆಯಿಂದ ಹೇಳಿದ. ಎರಡು ಕೂದಲು, ಆಮೇಲೆ ಬಾಡಿಗೆದಾರ, ಆಮೇಲೆ ತೇಪೆ, ಆಮೇಲೆ ಗೋಡೆ ಒಡೆದ ವಾರ. ಹೇಳುತ್ತ ಹೇಳುತ್ತ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು.

"ಕಲಿಯೋಕೆ ಬರೋರು ತಪ್ಪು ಮಾಡಿದ ತಕ್ಷಣ ಏನು ಮಾಡ್ತಾರೆ ಗೊತ್ತಾ?" ಎಂದಳು. "ರಸ್ತೆ ನೋಡೋದು ಬಿಟ್ಟು ನನ್ನ ಮುಖ ನೋಡ್ತಾರೆ. ಬೈತೀನಾ ಇಲ್ವಾ ಅಂತ. ಗಾಡಿ ಇನ್ನೂ ಓಡ್ತಿರುತ್ತೆ ರೀ."

"ಕೆಲಸ ಹೋಗಬಹುದು."

"ಹೋಗಬಹುದು." ಅವಳು ಅದನ್ನು ಅಲ್ಲಗಳೆಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ನಾಳೆ ಎಷ್ಟು ಗಂಟೆಗೆ ಆಯಮ್ಮಂಗೆ?"

"ಹತ್ತು."

"ಹಾಗಾದ್ರೆ ಇವತ್ತೇ ಮಾಡಿ. ನಾಳೆ ಬೆಳಿಗ್ಗೆ ನಿಮಗೆ ಹೊಟ್ಟೆನೋವು ಬರುತ್ತೆ, ನನಗೆ ಗೊತ್ತು."

ಡಾಕ್ಟರು ಮೂರನೆಯ ರಿಂಗಿಗೆ ತೆಗೆದರು. ಹಿಂದೆ ಯಾವುದೋ ಮಗು ನಗುತ್ತಿತ್ತು. ಅವನು ಹೇಳಿದ. ಈ ಸಲ ಮೊದಲಿನಿಂದ, ಕ್ರಮವಾಗಿ, ವರದಿಯ ಹಾಗೆ. ನಡುವೆ ಮಗುವಿನ ದನಿ ದೂರವಾಯಿತು; ಅವರು ಬೇರೆ ಕೋಣೆಗೆ ಹೋಗಿದ್ದಿರಬೇಕು.

"ಎಷ್ಟು ಜನ?"

"ನಾನೂರಕ್ಕೆ ಮೇಲೆ ಮೇಡಂ. ಪಟ್ಟಿ ತೆಗೀಬಹುದು."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಆ ಧೂಳನ್ನ ಮುಟ್ಟಬೇಡಿ," ಎಂದರು. "ಕ್ಯಾಮೆರಾ ಹೇಗಿದೆಯೋ ಹಾಗೇ ತನ್ನಿ. ಎಷ್ಟು ಜಾಗ ಮುಚ್ಚಿದೆ ಅಂತ ನಾನು ನೋಡಬೇಕು, ಕಮಿಟಿಗೆ ತೋರಿಸಬೇಕು."

"ಒರೆಸಿಬಿಟ್ಟೆ ಮೇಡಂ."

"ಯಾವಾಗ?"

"ಈಗ. ಅರ್ಧ ಗಂಟೆ ಆಯ್ತು."

"ಅರ್ಧ ಗಂಟೆ," ಎಂದರು ಡಾಕ್ಟರು. ಬೈಗುಳಕ್ಕೆ ಅವನು ಹೆಗಲು ಗಟ್ಟಿಮಾಡಿಕೊಂಡಿದ್ದ. ಅವರು ಬೈಯಲಿಲ್ಲ, ದಿನದ ಕೊನೆಯ ರೋಗಿಗೆ ಹೇಳುವ ದನಿಯಲ್ಲಿ ಮುಂದುವರಿಸಿದರು. "ಕಂಪ್ಯೂಟರಿನಲ್ಲಿ ಮಾಡಿರೋದನ್ನಾದ್ರೂ ಬಿಟ್ಟಿದೀರಲ್ಲ, ಅದನ್ನ ಮುಟ್ಟಬೇಡಿ. ಅಷ್ಟೂ ಜನರನ್ನ ವಾಪಸ್ ಕರೆಸಬೇಕು. ನೀವೇ ಕೂತು ಕರೆಸ್ತೀರಿ, ನಿಮ್ಮನ್ನ ಇಟ್ಕೊಂಡ್ರೆ. ಮತ್ತೆ, ನಾಳೆ ಆಕೆಗೆ ತೆಗೆಯೋದು ತೆಗೆಯೋದೇ. ಈಗಂತೂ ತೆಗೀಲೇಬೇಕು, ಹೋಲಿಸಿ ನೋಡೋಕೆ ನನ್ನ ಹತ್ರ ಏನು ಉಳೀತು? ಆದ್ರೆ ವಿಷಯ ಆಕೆಗೆ ಇವತ್ತೇ ಗೊತ್ತಾಗಬೇಕು. ನೀವೇ ಹೇಳಿ. ನಂಬರ್ ಕಳಿಸ್ತೀನಿ. ಹತ್ತಕ್ಕಲ್ಲ, ಒಂಬತ್ತಕ್ಕೆ ಬರೋಕೆ ಹೇಳಿ, ನಾನು ಮೊದಲು ಮಾತಾಡ್ತೀನಿ."

ನಂಬರು ಬಂತು. ಅಷ್ಟರಲ್ಲಿ ಅತ್ತೆ ವಾಪಸು ಬಂದು ಏನೋ ಹೇಳಲು ಹೊರಟವರು, ಮಗಳು ಕಣ್ಣಲ್ಲೇ ತಡೆದದ್ದು ನೋಡಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುರ್ಚಿಯಲ್ಲಿ ಕುಳಿತರು. ಅವನು ಬಾಲ್ಕನಿಗೆ ಹೋದ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ಕ್ಷಮಿಸಿ ಎನ್ನುವುದನ್ನು ಮೊದಲು ಇಡಬೇಕೋ ಕೊನೆಗೆ ಇಡಬೇಕೋ ಗೊತ್ತಾಗದೆ ನಂಬರು ಒತ್ತಿಬಿಟ್ಟ.

"ಯಾರು?"

"ನಾನು, ಚರ್ಮದ ವಿಭಾಗದ ಫೋಟೋದವನು."

"ಅಯ್ಯೋ. ಭಾನುವಾರ ಫೋನು ಬಂತು ಅಂದ್ರೆ... ಏನ್ರೀ, ಹೇಳಿ ಬೇಗ."

ಹೇಳಿದ. ನಾಲ್ಕು ವಾಕ್ಯ ಹತ್ತಾಯಿತು. ಮಾತಿಗೆ ಮಾತು ಸೇರಿಸದೆ ಇರಲಾರದ ಹೆಂಗಸು ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ, ಹೋದ್ವರ್ಷವೇ ಅದು ಇದ್ದಿರಬಹುದು. ನೀವು ಅಳಿಸಿರಬಹುದು."

"ಹೌದು. ಇಲ್ಲದೇನೂ ಇದ್ದಿರಬಹುದು. ನಾನು ನೋಡದೆ ಅಳಿಸಿದೆ. ನನಗೆ ಗೊತ್ತಿಲ್ಲ."

"ನಾಳೆ ಕೊಯ್ಯೋದು?"

"ಅದು ಇದ್ದೇ ಇದೆ. ಡಾಕ್ಟರು ಕೊಯ್ಯಲೇಬೇಕು ಅಂತಾರೆ."

"ಮತ್ತೆ ನೀವು ಫೋನ್ ಮಾಡಿದ್ದು ಯಾಕೆ?"

ಅದು ಸಿಟ್ಟಿನ ಪ್ರಶ್ನೆಯಾಗಿರಲಿಲ್ಲ. ನಿಜವಾಗಿ ಕೇಳಿದ್ದಳು. ಅವನು ಬಾಲ್ಕನಿಯ ಕಂಬಿ ಹಿಡಿದುಕೊಂಡ. ನಿಮಗೆ ಗೊತ್ತಿರಲಿ ಅಂತ, ಎನ್ನಬೇಕೆಂದಿದ್ದ. ಅದೆಷ್ಟು ಬಡಕಲು ಮಾತು ಎನ್ನಿಸಿತು.

"ನನಗೊಬ್ಬಳು ತಂಗಿ ಇದಾಳೆ," ಎಂದಳು ಅವಳು. "ಹೋದ್ವರ್ಷ ನನಗೆ ಸೊಂಟ ಹಿಡ್ಕೊಂಡಾಗ ಎರಡು ವಾರ ಬಂದಿದ್ದು ಬೆನ್ನಿಗೆಲ್ಲ ಮುಲಾಮು ತಿಕ್ಕಿದ್ಲು. ಶುಕ್ರವಾರ ಅವಳಿಗೆ ಹೀಗೀಗೆ ಅಂತ ಹೇಳಿದೆ. 'ಅಕ್ಕಾ, ಅದು ಹೊಸದಲ್ಲ, ಆಗಲೇ ಇತ್ತು, ಹೆಗಲ ಹತ್ರ ನನ್ನ ಬೆರಳಿಗೆ ಸಿಗ್ತಿತ್ತು' ಅಂದ್ಲು. ನಾನು ಏನಂದೆ ಗೊತ್ತಾ? ಸಮಾಧಾನ ಮಾಡೋಕೆ ಅಂತ ಸುಳ್ಳು ಹೇಳಬೇಡ, ಚಿಕ್ಕೋಳಿದ್ದಾಗಿಂದ ನಿನಗೆ ಅದೇ ಚಾಳಿ ಅಂದೆ. ಫೋಟೋ ಇದೆ ಕಣೇ, ಕಣ್ಣಾರೆ ನೋಡಿದೀನಿ, ಅಲ್ಲೇನೂ ಇಲ್ಲ ಅಂದೆ. ಅವಳು ಮೂರು ಸಲ ಹೇಳಿದ್ಲು. ಮೂರು ಸಲಾನೂ ಬೈದೆ. ಅಮ್ಮ ಸಾಯೋವಾಗಲೂ ನೀನು ಹೀಗೇ ಎಲ್ಲ ಸರಿಹೋಗುತ್ತೆ ಅಂತ ಸುಳ್ಳು ಹೇಳಿದ್ಯಲ್ಲ ಅಂತ ಅದನ್ನೂ ಎತ್ತಿಬಿಟ್ಟೆ. ಎತ್ತಬಾರದಿತ್ತು. ಅಳ್ತಾ ಫೋನಿಟ್ಟೋಳು ನಿನ್ನೆಯಿಂದ ತೆಗೀತಿಲ್ಲ."

ಕೆಳಗೆ ಸೈಕಲ್ಲಿನ ಪಂಪು ನಿಂತಿತ್ತು. ಕ್ಷಮಿಸಿ ಎಂದ. ಶುಕ್ರವಾರದಿಂದ ಆ ನಾಣ್ಯದಗಲ ಜಾಗದ ಕೆಳಗೆ ಏನೇನು ಇರಬಹುದೆಂದು ಯೋಚಿಸಿ ದಣಿದಿದ್ದನಲ್ಲ, ಇದೊಂದು ಹೊಳೆದಿರಲಿಲ್ಲ.

"ನೀವು ಇಡಿ ಈಗ," ಎಂದಳು.

"ನಿಮ್ಮ ತಂಗಿ ನೋಡಿದ್ದನ್ನ ಡಾಕ್ಟರಿಗೆ..."

"ಹೇಳೋಣ, ಎಲ್ಲ ಹೇಳೋಣ. ಮೊದಲು ಅವಳಿಗೆ ಫೋನ್ ಮಾಡ್ಬೇಕು, ಲೈನು ಬಿಡ್ರೀ ನೀವು."

ಲೈನು ಹೋಯಿತು. ಒಳಗಿನಿಂದ ಹೆಂಡತಿ, "ಏನಂದ್ರು?" ಎಂದು ಕೇಳಿದಳು. ಅವನು ಕೈ ಎತ್ತಿ, ತಡಿ, ಎಂದ. ಒಂಬತ್ತು ಗಂಟೆಗೆ ಬರಬೇಕೆಂದು ಹೇಳುವುದನ್ನು ಮರೆತಿದ್ದ. ಮತ್ತೆ ಅದೇ ನಂಬರು ಒತ್ತಿದ. ಎಂಗೇಜ್. ಐದು ನಿಮಿಷ ಬಿಟ್ಟು ಒತ್ತಿದ. ಎಂಗೇಜ್. ಬಿಸಿಲು ಬಾಲ್ಕನಿಯ ಒಳಗೆ ಬಂದು ಬರಿಯ ಹೆಗಲನ್ನು ಸುಡುತ್ತಿತ್ತು, ಆದರೂ ಒಳಗೆ ಹೋಗಬೇಕೆನ್ನಿಸಲಿಲ್ಲ. ಇನ್ನೂ ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ, ಫೋನನ್ನು ಕಿವಿಗೆ ಒತ್ತಿ ಹಿಡಿದ. ಆಗಲೂ ಎಂಗೇಜ್ ಇತ್ತು.